ಇದೇ ವಿಳಾಸ ಬೇಕು ಅಂದ್ರೆ ಯಾವ ಓಎಸ್ ಏನು ಹೇಳುತ್ತದೆ? ಎಂಮ್ಯಾಪ್ ಬಳಸುವವರಿಗೆ ಮಾರ್ಗದರ್ಶಿ

ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಅಂದ್ರೆ ಲಿನಕ್ಸ್. ಶಾಲೆಗಳಿಗೆ ಕಂಪ್ಯೂಟರ್ ಕಲಿಸುವ ಸರ್ಕಾರಿ ಯೋಜನೆ ಐಟಿ ಅಟ್ ಸ್ಕೂಲ್ ಕಾಲದಿಂದಲೂ ಹಾಗೆ. 2017ರಲ್ಲಿ ಅದು ಕೈಟ್ ಆದ ಮೇಲೂ ಉಬುಂಟು ಆಧಾರದ ವ್ಯವಸ್ಥೆಯೇ ಮುಂದುವರಿದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಕೈ ಪಳಗುವುದು ಅದರಲ್ಲೇ. ಆಮೇಲೆ ಕೆಲವರು ಪೊವ್ವಲ್‌ನ ಎಲ್‌ಬಿಎಸ್ ಕಾಲೇಜಿಗೆ ಸೇರುತ್ತಾರೆ. ಕೆಲವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಅಲ್ಲಿ ಯಾರದೋ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇರುತ್ತದೆ, ಇನ್ಯಾರದೋ ಮ್ಯಾಕ್.

ಸಿ ಭಾಷೆಯಲ್ಲಿ ಬರೆದ ಸಾಮಾನ್ಯ ಪ್ರೋಗ್ರಾಂ ಎಲ್ಲ ಕಡೆ ಓಡುತ್ತದೆ. ಆದರೆ "ಮೆಮೊರಿಯಲ್ಲಿ ನನಗೆ ಇಂಥ ವಿಳಾಸದಲ್ಲೇ ಜಾಗ ಬೇಕು" ಎಂದು ಕೇಳುವ ಪ್ರೋಗ್ರಾಂ ಹಾಗಲ್ಲ. "ಅಣ್ಣಾ, ಮನೆಯಲ್ಲಿ ಸರಿ ಓಡ್ತದೆ, ಇಲ್ಲಿ ಹಾಕಿದ್ರೆ ಬಿದ್ದು ಹೋಗ್ತದೆ. ಎಂಥದು ಇದು?" ಎಂದು ಕುಂಬಳೆ, ಬದಿಯಡ್ಕ ಕಡೆಯ ಹುಡುಗರು ಕೇಳುವುದುಂಟು. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ಅದು ಒಂದು ಓಎಸ್ (ಆಪರೇಟಿಂಗ್ ಸಿಸ್ಟಮ್) ಕೊಟ್ಟ ಉತ್ತರವನ್ನು ಎಲ್ಲ ಓಎಸ್‌ಗಳ ಉತ್ತರ ಎಂದು ನಂಬಿಕೊಂಡಿರುತ್ತದೆ, ಅಷ್ಟೇ.

ಈ ಲೇಖನ ಅವರಿಗೆ. ಎಂಮ್ಯಾಪ್ ಅಂದ್ರೆ ಒಂದು ಫೈಲನ್ನೋ ಖಾಲಿ ಜಾಗವನ್ನೋ ಪ್ರೋಗ್ರಾಮಿನ ಮೆಮೊರಿಯಲ್ಲಿ ತಂದು ಕೂರಿಸು ಎಂದು ಓಎಸ್‌ಗೆ ಹೇಳುವ ಕರೆ. ಪಾಯಿಂಟರ್ ಅಂದ್ರೇನು, ವರ್ಚುವಲ್ ಮೆಮೊರಿ ಅಂದ್ರೇನು ಎಂಬುದು ಗೊತ್ತಿದ್ದರೆ ಸಾಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಕನ್ನಡ, ತುಳು, ಮಲಯಾಳ ಮೂರೂ ಇರುವ ಒಂದು ಪದಪಟ್ಟಿ ಮಾಡಿದ್ದೀರಿ ಅಂದುಕೊಳ್ಳಿ. ನೀರು, ನೀರ್, ವೆಳ್ಳಂ ಈ ಥರ. ನಮ್ಮ ಜಿಲ್ಲೆಯಲ್ಲಿ ಇಂಥದ್ದು ಬೇಕಾಗುವುದೇ. ಹುಡುಕಲು ಒಳಗೊಂದು ಮರದ ರಚನೆ ಇದೆ. ಅದರ ಪ್ರತಿ ಗಂಟಿನಲ್ಲೂ ಎಡಕ್ಕೊಂದು, ಬಲಕ್ಕೊಂದು ಪಾಯಿಂಟರ್. ಪ್ರತಿ ಸಲ ಪಟ್ಟಿ ಓದಿ ಮರ ಕಟ್ಟಿದರೆ ನಿಧಾನ. ಅದಕ್ಕೆ ಕಟ್ಟಿದ ಮರವನ್ನು ಹಾಗೇ ಫೈಲಿಗೆ ಬರೆದಿಟ್ಟಿರಿ. ಮುಂದಿನ ಸಲ ಎಂಮ್ಯಾಪ್ ಬಳಸಿ ಆ ಫೈಲನ್ನು ಅದೇ ವಿಳಾಸಕ್ಕೆ ತಂದು ಕೂರಿಸಿದರೆ ಒಳಗಿನ ಪಾಯಿಂಟರ್‌ಗಳೆಲ್ಲ ಇದ್ದ ಹಾಗೇ ಸರಿ ಇರುತ್ತವೆ. ಓದುವ ಕೆಲಸವೇ ಇಲ್ಲ.

ಉಪಾಯ ಒಳ್ಳೆಯದೇ, ಆದರೆ ಅದೇ ವಿಳಾಸ ಸಿಗಬೇಕು. ಸಿಗದಿದ್ದರೆ ಪ್ರತಿ ಪಾಯಿಂಟರ್ ಯಾರದೋ ಜಾಗವನ್ನು ತೋರಿಸುತ್ತದೆ.

ನಮ್ಮ ವಿಳಾಸ 1 ಟಿಬಿ ಗುರುತಿನಲ್ಲಿ ಇರಲಿ, ಅಂದ್ರೆ 1099511627776. ನಿಮ್ಮ ಯಂತ್ರದಲ್ಲಿ ಅಷ್ಟು ರ‍್ಯಾಮ್ ಇರಬೇಕಿಲ್ಲ. ಇದು ವರ್ಚುವಲ್ ವಿಳಾಸ, ಬರೀ ಒಂದು ಸಂಖ್ಯೆ.

ಹೆಜ್ಜೆ 1: ವಿಳಾಸ ನಿಜವಾಗಿ ಬೇಕಾ ಅಂತ ನೋಡಿ

ಹೆಚ್ಚಿನವರಿಗೆ ಬೇಕಾಗಿಲ್ಲ. ನಮ್ಮ ಪದಪಟ್ಟಿಗೂ ಬೇಕಾಗಿಲ್ಲ. ಪಾಯಿಂಟರ್ ಬದಲು "ಫೈಲಿನ ಶುರುವಿನಿಂದ ಇಷ್ಟು ಬೈಟ್ ದೂರ" ಎಂದು ಬರೆದಿಟ್ಟರೆ ಆಯಿತು. ಓದುವಾಗ ಫೈಲು ಕೂತ ವಿಳಾಸಕ್ಕೆ ಆ ದೂರವನ್ನು ಕೂಡಿಸಿ. ಒಂದು ಕೂಡಿಸುವ ಲೆಕ್ಕಕ್ಕೆ ಪ್ರೊಸೆಸರ್ ಏನೂ ಸುಸ್ತಾಗುವುದಿಲ್ಲ. ಫೈಲು 4 ಜಿಬಿಗಿಂತ ಚಿಕ್ಕದಾಗಿದ್ದರೆ 8 ಬೈಟಿನ ಜಾಗದಲ್ಲಿ 4 ಬೈಟ್ ಸಾಕು, ಫೈಲು ಚಿಕ್ಕದಾಗುತ್ತದೆ, ಕ್ಯಾಶ್‌ನಲ್ಲಿ ಜಾಸ್ತಿ ಹಿಡಿಸುತ್ತದೆ. ಇಷ್ಟು ಮಾಡಿದರೆ ಈ ಲೇಖನದ ಉಳಿದ ಭಾಗ ನಿಮಗೆ ಬೇಡವೇ ಬೇಡ. ಪೈಥಾನಿನ ಎಂಮ್ಯಾಪ್‌ನಲ್ಲಂತೂ ವಿಳಾಸ ಕೇಳಲು ದಾರಿಯೇ ಇಲ್ಲ, ಒಳ್ಳೆಯದೇ ಆಯಿತು.

ಆದರೆ ಕೆಲವು ಕಡೆ ನಿಜವಾಗಿ ಬೇಕು. ಓಡುತ್ತಿರುವಾಗಲೇ ಮೆಷಿನ್ ಕೋಡ್ ತಯಾರಿಸುವ ಜಿಟ್ ಕಂಪೈಲರ್ ಇದ್ದರೆ, ಆ ಕೋಡ್ ಮೂಲ ಪ್ರೋಗ್ರಾಮಿನ ಹತ್ತಿರವೇ ಇರಬೇಕು. ಎಕ್ಸ್86-64ರ ಸಾಮಾನ್ಯ ಕಾಲ್ ಸೂಚನೆ ಹಿಂದೆ ಮುಂದೆ 2 ಜಿಬಿವರೆಗೆ ಮಾತ್ರ ಜಿಗಿಯಬಲ್ಲದು. 64 ಬಿಟ್ ಆರ್ಮ್‌ನಲ್ಲಿ ಬರೀ 128 ಎಂಬಿ. ಬೇರೆ ಓಎಸ್‌ನ ಪ್ರೋಗ್ರಾಂ ಓಡಿಸುವ ವೈನ್‌ನಂಥ ತಂತ್ರಾಂಶಕ್ಕೂ ಬೇಕು. ನಿಲ್ಲಿಸಿದ ಪ್ರೊಸೆಸ್ಸನ್ನು ಇದ್ದ ಹಾಗೇ ಎಬ್ಬಿಸುವ ಕ್ರಿಯುಗೂ ಬೇಕು.

ಗೋ ಭಾಷೆಯ ರನ್‌ಟೈಮ್ ಕೂಡ ತನ್ನ ಹೀಪ್‌ಗೆ (ಓಡುವಾಗ ಬೇಕಾದಂತೆ ಮೆಮೊರಿ ಪಡೆಯುವ ಜಾಗಕ್ಕೆ) ಇಷ್ಟದ ವಿಳಾಸಗಳ ಪಟ್ಟಿ ಇಟ್ಟುಕೊಂಡಿರುತ್ತದೆ. ಒಂದನ್ನು ಕೇಳುತ್ತದೆ. ಬೇರೆ ವಿಳಾಸ ಬಂದರೆ ಅದನ್ನು ವಾಪಸು ಕೊಟ್ಟು, ಮುಂದಿನದನ್ನು ಕೇಳುತ್ತದೆ. ಈ ನಡವಳಿಕೆ ನೆನಪಿಡಿ. ನಾವು ಬರೆಯುವುದೂ ಇದೇ ಥರ.

ಹೆಜ್ಜೆ 2: ಸ್ಟ್ಯಾಂಡರ್ಡ್ ಎಷ್ಟು ಹೇಳಿದೆ, ಎಷ್ಟು ಹೇಳಿಲ್ಲ

ಎಂಮ್ಯಾಪ್‌ನ ವಿವರಣೆ 1983ರ 4.2 ಬಿಎಸ್‌ಡಿಯ (ಯೂನಿಕ್ಸ್‌ನ ಒಂದು ಬಗೆ) ಕೈಪಿಡಿಯಲ್ಲೇ ಬಂದಿತ್ತು. ಬಿಎಸ್‌ಡಿಯಲ್ಲಿ ಅದು ನಿಜವಾಗಿ ಕೆಲಸ ಮಾಡಿದ್ದು ಮಾತ್ರ ವರ್ಷಗಳ ನಂತರ. ಯೂನಿಕ್ಸ್ ಬಗೆಯ ಓಎಸ್‌ಗಳಿಗೆಂದು ಇರುವ ಈಗಿನ ಪೋಸಿಕ್ಸ್ ಸ್ಟ್ಯಾಂಡರ್ಡ್ ಪ್ರಕಾರ ವಿಳಾಸದ ಜಾಗದಲ್ಲಿ ಸೊನ್ನೆ ಕೊಟ್ಟರೆ ಓಎಸ್ ತನಗೆ ಬೇಕಾದಲ್ಲಿ ಕೊಡಬಹುದು. ಸೊನ್ನೆ ಅಲ್ಲದ ಸಂಖ್ಯೆ ಕೊಟ್ಟರೆ ಅದು ಸಲಹೆ, "ಇದರ ಹತ್ತಿರ ಇರಲಿ" ಅಂತ. ಸಲಹೆಯನ್ನು ಹೇಗೆ ಪಾಲಿಸಬೇಕು ಎಂಬುದನ್ನು ಆಯಾ ಓಎಸ್‌ಗೇ ಬಿಟ್ಟಿದ್ದಾರೆ. ಎಲ್ಲ ತಾಪತ್ರಯ ಶುರುವಾಗುವುದು ಅಲ್ಲಿಂದ.

ಸಲಹೆ ಸಾಲದು, ಅಲ್ಲೇ ಬೇಕು ಎನ್ನುವವರಿಗೆ ಮ್ಯಾಪ್ ಫಿಕ್ಸ್ಡ್ ಎಂಬ ಫ್ಲ್ಯಾಗ್ ಉಂಟು. ಇದು ಅಪಾಯದ ಸಾಮಾನು. ಕಾಸರಗೋಡು-ಮಂಗಳೂರು ಬಸ್ಸಿನಲ್ಲಿ "ಕಿಟಕಿ ಪಕ್ಕ ಸಿಗಬಹುದಾ" ಎಂದು ಕೇಳುವುದು ಸಲಹೆ. ಮ್ಯಾಪ್ ಫಿಕ್ಸ್ಡ್ ಅಂದ್ರೆ ಅಲ್ಲಿ ಕೂತವರನ್ನು ಬಸ್ಸಿನಿಂದಲೇ ಇಳಿಸಿ ಕೂರುವುದು. ಇಳಿಸಿದ್ದು ಯಾರಿಗೂ ಗೊತ್ತಾಗುವುದೂ ಇಲ್ಲ. ಅಲ್ಲಿ ಮೊದಲೇ ಏನಿದ್ದರೂ, ಅದು ಸಿ ಲೈಬ್ರರಿಯ ತುಂಡೇ ಆಗಿದ್ದರೂ, ಸದ್ದಿಲ್ಲದೆ ಹೋಗುತ್ತದೆ. ಎರರ್ ಬರುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೇರೆಲ್ಲೋ ಕ್ರ್ಯಾಶ್ ಆಗುತ್ತದೆ.

ಹಾಗಾದರೆ ಮ್ಯಾಪ್ ಫಿಕ್ಸ್ಡ್ ಮುಟ್ಟಲೇಬಾರದಾ? ಒಂದು ಕಡೆ ಧೈರ್ಯವಾಗಿ ಬಳಸಬಹುದು. ಮೊದಲು ದೊಡ್ಡ ಜಾಗವನ್ನು ಓದುವ, ಬರೆಯುವ ಅನುಮತಿ ಇಲ್ಲದೆ ಕಾಯ್ದಿರಿಸಿ. ವಿಳಾಸ ಓಎಸ್ ಕೊಟ್ಟದ್ದೇ ಇರಲಿ. ಆಮೇಲೆ ಆ ನಿಮ್ಮದೇ ಜಾಗದ ಒಳಗೆ ಮ್ಯಾಪ್ ಫಿಕ್ಸ್ಡ್‌ನಿಂದ ತುಂಡು ತುಂಡಾಗಿ ಜೋಡಿಸಿ. ಲಿನಕ್ಸ್‌ನಲ್ಲಿ ಲೈಬ್ರರಿಗಳನ್ನು ಲೋಡ್ ಮಾಡುವ ಲೋಡರ್ ಮಾಡುವುದೂ ಹೆಚ್ಚುಕಡಿಮೆ ಹೀಗೇ.

ಹೆಜ್ಜೆ 3: ಅಳತೆ ಸರಿ ಮಾಡಿಕೊಳ್ಳಿ

ಮೆಮೊರಿ ಸಿಗುವುದು ಪುಟಗಳ ಲೆಕ್ಕದಲ್ಲಿ. ಸಾಮಾನ್ಯ ಇಂಟೆಲ್, ಎಎಂಡಿ ಯಂತ್ರದಲ್ಲಿ ಪುಟ 4096 ಬೈಟ್. ಆಪಲ್‌ನ ಎಂ ಸರಣಿಯ ಮ್ಯಾಕ್‌ನಲ್ಲಿ 16384. ಆರ್ಮ್ ಲಿನಕ್ಸ್‌ನಲ್ಲಿ ಕರ್ನೆಲ್ (ಓಎಸ್‌ನ ತಿರುಳು) ಹೇಗೆ ಕಟ್ಟಿದ್ದಾರೆ ಎನ್ನುವುದರ ಮೇಲೆ 4, 16 ಅಥವಾ 64 ಕೆಬಿ ಇರಬಹುದು. ಆಂಡ್ರಾಯ್ಡ್ 15ರಿಂದ 16 ಕೆಬಿ ಪುಟದ ಫೋನುಗಳಿಗೂ ಬೆಂಬಲ ಬಂದಿದೆ. ಹಾಗಾಗಿ 4096 ಎಂದು ಕೋಡಿನಲ್ಲಿ ಬರೆದುಬಿಡಬೇಡಿ. ಯೂನಿಕ್ಸ್ ಕಡೆ ಸಿಸ್‌ಕಾನ್ಫ್ ಕೇಳಿದರೆ ಹೇಳುತ್ತದೆ.

ವಿಂಡೋಸ್‌ನಲ್ಲಿ ಇನ್ನೊಂದು ಅಳತೆ ಉಂಟು. ಪುಟ 4 ಕೆಬಿ ಇದ್ದರೂ ಹೊಸ ಜಾಗ ಶುರುವಾಗುವುದು 64 ಕೆಬಿಯ ಗುಣಕದಲ್ಲಿ ಮಾತ್ರ. ಇದಕ್ಕೆ ಅಲೊಕೇಶನ್ ಗ್ರ್ಯಾನ್ಯುಲಾರಿಟಿ ಅನ್ನುತ್ತಾರೆ, ಗೆಟ್‌ಸಿಸ್ಟಮ್‌ಇನ್ಫೋ ಕರೆದರೆ ಗೊತ್ತಾಗುತ್ತದೆ. ವಿಂಡೋಸ್ ಎನ್‌ಟಿ ಹಿಂದೆ ಆಲ್ಫಾ ಪ್ರೊಸೆಸರ್ ಮೇಲೂ ಓಡುತ್ತಿತ್ತು. ಆ ಪ್ರೊಸೆಸರ್ ದೊಡ್ಡ ವಿಳಾಸವನ್ನು 16 ಬಿಟ್‌ಗಳ ಎರಡು ತುಂಡಾಗಿ ಕಟ್ಟುತ್ತಿತ್ತು. ಅದಕ್ಕೆ ಅನುಕೂಲವಾಗಲಿ ಎಂದು ಇಟ್ಟ ಅಳತೆ ಇದು. ಆಲ್ಫಾ ಹೋಯಿತು, 64 ಕೆಬಿ ಉಳಿಯಿತು!

ಅಳತೆ ತಪ್ಪಿದ ವಿಳಾಸ ಕೊಟ್ಟರೆ ಏನಾಗುತ್ತದೆ ಎಂಬುದರಲ್ಲೂ ಒಮ್ಮತ ಇಲ್ಲ. ಲಿನಕ್ಸ್‌ಗೆ ಸಲಹೆಯಾಗಿ ಕೊಟ್ಟರೆ ಅದು ಪುಟದ ಗಡಿಗೆ ಹೊಂದಿಸಿಕೊಳ್ಳುತ್ತದೆ. ಅದೇ ಮ್ಯಾಪ್ ಫಿಕ್ಸ್ಡ್ ಜೊತೆ ಕೊಟ್ಟರೆ ಇಇನ್‌ವ್ಯಾಲ್, ಅಂದ್ರೆ ಕೊಟ್ಟದ್ದು ಸರಿ ಇಲ್ಲ ಎಂಬ ಎರರ್. ವಿಂಡೋಸ್‌ನ ವರ್ಚುವಲ್‌ಅಲಾಕ್ ಹೊಸ ಜಾಗ ಕಾಯ್ದಿರಿಸುವಾಗ ಏನೂ ಹೇಳದೆ 64 ಕೆಬಿಗೆ ಕೆಳಕ್ಕೆ ಇಳಿಸಿಕೊಳ್ಳುತ್ತದೆ. ಅದೇ ವಿಂಡೋಸ್‌ನ ಮ್ಯಾಪ್‌ವ್ಯೂಆಫ್‌ಫೈಲ್‌ಇಎಕ್ಸ್ ಮಾತ್ರ ಖಡಾಖಂಡಿತವಾಗಿ ಆಗುವುದಿಲ್ಲ ಎನ್ನುತ್ತದೆ. ಒಂದೇ ಮನೆಯಲ್ಲಿ ಎರಡು ರೀತಿ.

ನನ್ನ ಸಲಹೆ: ಎಲ್ಲ ಕಡೆಗೂ 64 ಕೆಬಿ ಗುಣಕದ ವಿಳಾಸವನ್ನೇ ಇಟ್ಟುಕೊಳ್ಳಿ. ಮೇಲೆ ಹೇಳಿದ ಎಲ್ಲ ಅಳತೆಗೂ ಅದು ಹೊಂದುತ್ತದೆ. ನಮ್ಮ 1 ಟಿಬಿ ಗುರುತು ಹೇಗೂ 64 ಕೆಬಿಯ ಗುಣಕವೇ.

ಹೆಜ್ಜೆ 4: ಲಿನಕ್ಸ್

ನಮ್ಮಲ್ಲಿ ಹೆಚ್ಚಿನವರು ಶುರು ಮಾಡುವುದು ಇಲ್ಲಿಂದ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಸಲಹೆ ಕೊಟ್ಟ ಜಾಗ ಖಾಲಿ ಇದ್ದರೆ ಲಿನಕ್ಸ್ ಅದನ್ನೇ ಕೊಡುತ್ತದೆ. ಇದೇ ಮೋಸ ಆಗುವ ಜಾಗ. ಪ್ರತಿ ಸಲ ಕೇಳಿದ್ದೇ ಸಿಗುವುದರಿಂದ ಇದು ಗ್ಯಾರಂಟಿ ಎಂದು ಅನಿಸಿಬಿಡುತ್ತದೆ. ಹೋಲಿಸಿ ನೋಡುವ ಒಂದು ಸಾಲನ್ನು ಯಾರೂ ಬರೆಯುವುದಿಲ್ಲ.

ಜಾಗ ಖಾಲಿ ಇಲ್ಲದಿದ್ದರೆ? ಲಿನಕ್ಸ್ ನಿಮ್ಮ ಸಲಹೆಯನ್ನು ಪೂರ್ತಿ ಮರೆತು, ತನ್ನ ಮಾಮೂಲಿ ಹುಡುಕಾಟಕ್ಕೆ ಇಳಿಯುತ್ತದೆ. ಆ ಹುಡುಕಾಟ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ನಡೆಯುತ್ತದೆ. ಎಕ್ಸ್86-64ರಲ್ಲಿ ಪ್ರೊಸೆಸ್‌ಗೆ ಸಿಗುವುದು 128 ಟಿಬಿ ವಿಳಾಸ. ಅಂದ್ರೆ 1 ಟಿಬಿ ಕೇಳಿದವರಿಗೆ 127 ಟಿಬಿ ಆಚೆ ಜಾಗ ಸಿಗಬಹುದು. "ಹತ್ತಿರ" ಎಂಬ ಮಾತಿಗೆ ಅಲ್ಲಿ ಬೆಲೆ ಇಲ್ಲ. ಜಿಟ್ ಬರೆಯುವವರು ಇದನ್ನು ಗಮನಿಸಬೇಕು. 2 ಜಿಬಿ ಒಳಗೆ ಬೇಕು ಅಂದ್ರೆ ನೀವೇ ಖಾಲಿ ಜಾಗ ಹುಡುಕಿ, ಒಂದೊಂದೇ ವಿಳಾಸವಾಗಿ ಕೇಳುತ್ತಾ ಹೋಗಬೇಕು. ಖಾಲಿ ಎಲ್ಲಿದೆ ಎಂದು ತಿಳಿಯಲು ಪ್ರಾಕ್ ಫೋಲ್ಡರಿನಲ್ಲಿ ಸೆಲ್ಫ್ ಒಳಗಿನ ಮ್ಯಾಪ್ಸ್ ಫೈಲನ್ನು ಓದಿ. ಪ್ರೊಸೆಸ್ಸಿನ ಎಲ್ಲ ಜಾಗಗಳ ಪಟ್ಟಿ ಅಲ್ಲಿ ಸಾಲುಸಾಲಾಗಿ ಇರುತ್ತದೆ.

ಖಾಲಿ ಕಂಡರೂ ಸಿಗದ ಜಾಗಗಳು ಕೆಲವು ಉಂಟು. ತೀರಾ ಕೆಳಗಿನ ವಿಳಾಸಗಳು ಸಾಮಾನ್ಯ ಪ್ರೊಸೆಸ್‌ಗೆ ಇಲ್ಲ. ಎಂಮ್ಯಾಪ್ ಮಿನ್ ಅಡ್ರೆಸ್ ಎಂಬ ಸೆಟ್ಟಿಂಗ್ ಅದನ್ನು ತಡೆಯುತ್ತದೆ, ಅದು ಹೆಚ್ಚಾಗಿ 65536. ಕರ್ನೆಲ್‌ನಲ್ಲಿ ಸೊನ್ನೆ ಪಾಯಿಂಟರಿನ ತಪ್ಪುಗಳಿದ್ದರೆ ಅದರ ಲಾಭ ಯಾರೂ ಪಡೆಯಬಾರದು ಅಂತ ಈ ಬೇಲಿ. ಸ್ಟ್ಯಾಕ್‌ನ ಕೆಳಗೂ ಒಂದು ಕಾವಲು ಜಾಗ ಇರುತ್ತದೆ. 2017ರಲ್ಲಿ ಸ್ಟ್ಯಾಕ್ ಕ್ಲ್ಯಾಶ್ ದೋಷ ಬಯಲಾದ ಮೇಲೆ ಅದನ್ನು 256 ಪುಟಗಳಿಗೆ, ಅಂದ್ರೆ 4 ಕೆಬಿ ಪುಟದ ಲೆಕ್ಕದಲ್ಲಿ 1 ಎಂಬಿಗೆ ಹಿಗ್ಗಿಸಿದರು. ಅದರೊಳಗೆ ಸಲಹೆ ಕೊಟ್ಟರೂ ಪ್ರಯೋಜನ ಇಲ್ಲ.

ಇನ್ನೊಂದು ತಮಾಷೆಯ ವಿಷಯ. ಐದು ಹಂತದ ಪುಟಪಟ್ಟಿ ಇರುವ ಹೊಸ ಪ್ರೊಸೆಸರ್‌ಗಳಲ್ಲಿ 128 ಟಿಬಿಗಿಂತ ತುಂಬಾ ಜಾಸ್ತಿ ವಿಳಾಸ ಸಿಗುತ್ತದೆ. ಆದರೆ ಲಿನಕ್ಸ್ ಅದನ್ನು ತಾನಾಗಿ ಯಾರಿಗೂ ಕೊಡುವುದಿಲ್ಲ. ಪಾಯಿಂಟರಿನ ಮೇಲಿನ ಬಿಟ್‌ಗಳಲ್ಲಿ ತಮ್ಮ ಗುರುತು ಬರೆದಿಟ್ಟುಕೊಳ್ಳುವ ಪ್ರೋಗ್ರಾಂಗಳು ಹಲವು ಇವೆ, ಅವೆಲ್ಲ ಒಡೆದುಹೋಗುತ್ತವೆ ಎಂಬ ಕಾರಣಕ್ಕೆ. ನಿಮಗೆ ಬೇಕಿದ್ದರೆ 128 ಟಿಬಿಗಿಂತ ಮೇಲಿನ ಒಂದು ವಿಳಾಸವನ್ನು ಸಲಹೆಯಾಗಿ ಕೊಡಬೇಕು. ಆಗ "ಇವನಿಗೆ ದೊಡ್ಡ ವಿಳಾಸ ನಡೆಯುತ್ತದೆ" ಎಂದು ಕರ್ನೆಲ್ ತಿಳಿದುಕೊಳ್ಳುತ್ತದೆ. ಇಲ್ಲಿ ಸಲಹೆಯೇ ಒಪ್ಪಿಗೆ ಪತ್ರ!

ಈಗ ಮುಖ್ಯ ಮಾತು. ನಿಮಗೆ ಬೇಕಾಗಿರುವುದು "ಅಲ್ಲೇ ಕೊಡು, ಯಾರಾದರೂ ಇದ್ದರೆ ಅವರನ್ನು ಮುಟ್ಟದೆ ಇಲ್ಲ ಅನ್ನು" ಎಂಬ ಕೋರಿಕೆ. 2018ರಲ್ಲಿ ಬಂದ ಲಿನಕ್ಸ್ 4.17ರಿಂದ ಇದಕ್ಕೆ ಮ್ಯಾಪ್ ಫಿಕ್ಸ್ಡ್ ನೋರೀಪ್ಲೇಸ್ ಎಂಬ ಫ್ಲ್ಯಾಗ್ ಇದೆ. ಜಾಗ ತುಂಬಿದ್ದರೆ ಇಎಕ್ಸಿಸ್ಟ್ ಎರರ್ ಬರುತ್ತದೆ. ಇದನ್ನೇ ಬಳಸಿ. ಆದರೆ ಹಳೇ ಕರ್ನೆಲ್‌ಗಳಿಗೆ ಈ ಫ್ಲ್ಯಾಗ್ ಗೊತ್ತಿಲ್ಲ. ಅವು ಅದನ್ನು ಕಡೆಗಣಿಸಿ, ನಿಮ್ಮ ವಿಳಾಸವನ್ನು ಬರೀ ಸಲಹೆಯಾಗಿ ತೆಗೆದುಕೊಳ್ಳುತ್ತವೆ. ಹಾಗಾಗಿ ಈ ಫ್ಲ್ಯಾಗ್ ಇದ್ದರೂ ಬಂದ ವಿಳಾಸವನ್ನು ಕೇಳಿದ ವಿಳಾಸದ ಜೊತೆ ಹೋಲಿಸಲೇಬೇಕು.

ಲ್ಯಾಪ್‌ಟಾಪ್ ಇಲ್ಲದೆ ಫೋನಿನಲ್ಲೇ ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡು ಸಿ ಕಲಿಯುವವರೂ ಇದ್ದಾರೆ. ಅವರಿಗೊಂದು ಮಾತು. ಎಷ್ಟೋ ಆಂಡ್ರಾಯ್ಡ್ ಫೋನುಗಳ ಕರ್ನೆಲ್‌ನಲ್ಲಿ ವಿಳಾಸ 39 ಬಿಟ್ ಮಾತ್ರ, ಅಂದ್ರೆ 512 ಜಿಬಿ. ನಮ್ಮ 1 ಟಿಬಿ ಗುರುತು ಅಲ್ಲಿ ಇಲ್ಲವೇ ಇಲ್ಲ. ಫಿಕ್ಸ್ಡ್ ಆಗಿ ಕೇಳಿದರೆ ಇನೋಮೆಮ್, ಅಂದ್ರೆ ಮೆಮೊರಿ ಇಲ್ಲ ಎಂಬ ಎರರ್ ಬರುತ್ತದೆ. ಫೋನಿನಲ್ಲಿ ಮೆಮೊರಿ ಖಾಲಿಯಾಗಿದೆ ಎಂದು ಆ್ಯಪ್‌ಗಳನ್ನು ಸುಮ್ನೆ ಮುಚ್ಚುತ್ತಾ ಕೂರಬೇಡಿ.

ಹೆಜ್ಜೆ 5: ಬಿಎಸ್‌ಡಿಗಳು

ನಮ್ಮ ಕಡೆ ಇವನ್ನು ಬಳಸುವವರು ಕಡಿಮೆ, ಹಾಗಾಗಿ ಬೇಗ ಮುಗಿಸುತ್ತೇನೆ. ಫ್ರೀಬಿಎಸ್‌ಡಿಯಲ್ಲಿ ಸಲಹೆಯ ಜಾಗ ತುಂಬಿದ್ದರೆ ಸಾಮಾನ್ಯವಾಗಿ ಅಲ್ಲಿಂದ ಮೇಲಕ್ಕೆ ಹುಡುಕಾಟ ಶುರುವಾಗುತ್ತದೆ. "ಹತ್ತಿರ" ಎಂಬ ಮಾತಿಗೆ ಲಿನಕ್ಸ್‌ಗಿಂತ ಇದು ಜಾಸ್ತಿ ನಿಷ್ಠೆ ಎಂದು ನನ್ನ ಅಭಿಪ್ರಾಯ. ಬೇರೆಯವರನ್ನು ಮುಟ್ಟದೆ ಅಲ್ಲೇ ಬೇಕು ಅಂದ್ರೆ ಮ್ಯಾಪ್ ಫಿಕ್ಸ್ಡ್ ಜೊತೆಗೆ ಮ್ಯಾಪ್ ಎಕ್ಸ್‌ಕ್ಲ್ ಸೇರಿಸಿ. ಎಕ್ಸ್‌ಕ್ಲ್ ಬಿಟ್ಟರೆ ಮತ್ತೆ ಅದೇ ಇಳಿಸಿ ಕೂರುವ ಕಥೆ.

ನೆಟ್‌ಬಿಎಸ್‌ಡಿಯಲ್ಲಿ ಮ್ಯಾಪ್ ಟ್ರೈಫಿಕ್ಸ್ಡ್ ಉಂಟು. ಹೀಪ್‌ಗಾಗಿ ಮೀಸಲಿಟ್ಟ ಭಾಗದಲ್ಲಿ ಕೇಳಿದರೂ ಪ್ರಯತ್ನಿಸುತ್ತದೆ, ತುಂಬಿದ್ದರೆ ಬೇರೆ ವಿಳಾಸ ಕೊಡುತ್ತದೆ. ಓಪನ್‌ಬಿಎಸ್‌ಡಿಯವರಿಗೆ ಭದ್ರತೆ ಮೊದಲು. ಒಂದೇ ಜಾಗಕ್ಕೆ ಬರೆಯುವ ಅನುಮತಿ, ಓಡಿಸುವ ಅನುಮತಿ ಎರಡೂ ಒಟ್ಟಿಗೆ ಕೇಳಿದರೆ 2016ರ 6.0 ಆವೃತ್ತಿಯಿಂದ ಸಾಮಾನ್ಯವಾಗಿ ಕೊಡುವುದಿಲ್ಲ. ಜಿಟ್ ಬರೆಯುವವರು ವಿಳಾಸದ ಚಿಂತೆಗೆ ಮೊದಲು ಈ ಚಿಂತೆ ಮಾಡಬೇಕು.

ಹೆಜ್ಜೆ 6: ಮ್ಯಾಕ್

ಮ್ಯಾಕ್‌ನ ಎಂಮ್ಯಾಪ್ ಕೂಡ ಬಿಎಸ್‌ಡಿ ವಂಶದ್ದೇ. ಸಲಹೆ ಸಲಹೆಯೇ, ಮ್ಯಾಪ್ ಫಿಕ್ಸ್ಡ್ ಇದ್ದದ್ದನ್ನು ಅಳಿಸುವುದೂ ಹಾಗೇ. ವ್ಯತ್ಯಾಸ ಬೇರೆ ಕಡೆ ಇದೆ. 64 ಬಿಟ್ ಪ್ರೋಗ್ರಾಮಿನಲ್ಲಿ ಕೆಳಗಿನ 4 ಜಿಬಿ ಪೂರ್ತಿ ಪೇಜ್‌ಝೀರೋ ಎಂಬ ಹೆಸರಲ್ಲಿ ಬೀಗ ಹಾಕಿರುತ್ತದೆ. ಲಿನಕ್ಸ್‌ನಲ್ಲಿ 65536 ದಾಟಿದರೆ ಸಾಕಿತ್ತು, ಇಲ್ಲಿ 4 ಜಿಬಿ ದಾಟಬೇಕು. ಪಾಯಿಂಟರನ್ನು 32 ಬಿಟ್‌ನಲ್ಲಿ ತುಂಬಿಸಿಡುವ ಉಪಾಯ ಮಾಡಿದವರು ಮ್ಯಾಕ್‌ಗೆ ಬಂದಾಗ ಮುಗ್ಗರಿಸುವುದು ಇದರಿಂದಲೇ.

ನೋರೀಪ್ಲೇಸ್‌ಗೆ ಸಮನಾದದ್ದು ಎಂಮ್ಯಾಪ್‌ನ ಪಕ್ಕದ ಮನೆಯಲ್ಲಿದೆ. ಮ್ಯಾಕ್ ಕರ್ನೆಲ್‌ನ ಒಳಗಿನ ಮಾಕ್ ಎಂಬ ಪದರದ ಮಾಕ್ ವಿಎಂ ಅಲೊಕೇಟ್ ಅಥವಾ ಮಾಕ್ ವಿಎಂ ಮ್ಯಾಪ್ ಕರೆದು, ವಿಎಂ ಫ್ಲ್ಯಾಗ್ಸ್ ಫಿಕ್ಸ್ಡ್ ಮಾತ್ರ ಕೊಡಿ, ಓವರ್‌ರೈಟ್ ಕೊಡಬೇಡಿ. ಜಾಗ ತುಂಬಿದ್ದರೆ ನೋ ಸ್ಪೇಸ್ ಎಂದು ಮರಳುತ್ತದೆ. ಅಳಿಸುವುದಕ್ಕೆ ಬೇರೆಯೇ ಫ್ಲ್ಯಾಗ್ ಕೇಳುವ ಈ ಏರ್ಪಾಡು ನನಗೆ ಎಲ್ಲಕ್ಕಿಂತ ಇಷ್ಟ. ಎಂಮ್ಯಾಪ್ ಮೊದಲಿಂದಲೇ ಹೀಗಿದ್ದಿದ್ದರೆ ಎಷ್ಟೋ ಜನರ ರಾತ್ರಿ ನಿದ್ದೆ ಉಳಿಯುತ್ತಿತ್ತು.

ಎಂ ಸರಣಿಯ ಮ್ಯಾಕ್‌ನಲ್ಲಿ ಜಿಟ್ ಕೋಡ್‌ಗೆ ಮ್ಯಾಪ್ ಜಿಟ್ ಫ್ಲ್ಯಾಗ್ ಬೇಕು. ಅದನ್ನು ಮ್ಯಾಪ್ ಫಿಕ್ಸ್ಡ್ ಜೊತೆ ಸೇರಿಸಿದರೆ ಎರರ್. ಹಾಗಾಗಿ ಜಿಟ್ ಜಾಗವನ್ನು ಸಲಹೆಯಾಗಿ ಮಾತ್ರ ಕೇಳಬಹುದು.

ಹೆಜ್ಜೆ 7: ವಿಂಡೋಸ್

ಇಲ್ಲಿ ಎಂಮ್ಯಾಪ್ ಇಲ್ಲ. ಖಾಲಿ ಮೆಮೊರಿಗೆ ವರ್ಚುವಲ್‌ಅಲಾಕ್, ಫೈಲಿಗೆ ಮ್ಯಾಪ್‌ವ್ಯೂಆಫ್‌ಫೈಲ್‌ಇಎಕ್ಸ್. ಎರಡಕ್ಕೂ ವಿಳಾಸ ಕೊಡಬಹುದು. ಆದರೆ ಸಲಹೆ ಎಂಬ ನಡುವಿನ ದಾರಿ ಇಲ್ಲ. ಸೊನ್ನೆ ಕೊಟ್ಟರೆ ಓಎಸ್ ಇಷ್ಟ. ಸಂಖ್ಯೆ ಕೊಟ್ಟರೆ ಅಲ್ಲೇ ಕೊಡುತ್ತದೆ ಅಥವಾ ಇಲ್ಲ ಎನ್ನುತ್ತದೆ. ವರ್ಚುವಲ್‌ಅಲಾಕ್ ಇಲ್ಲ ಎಂದಾಗ ಸೊನ್ನೆ ಪಾಯಿಂಟರ್ ಬರುತ್ತದೆ, ಗೆಟ್‌ಲಾಸ್ಟ್‌ಎರರ್ 487 ಎನ್ನುತ್ತದೆ. ಯಾರನ್ನೂ ಅಳಿಸಿ ಕೂರಿಸುವುದಿಲ್ಲ. ನೇರ ಉತ್ತರ ಬೇಕೆನ್ನುವವರಿಗೆ ಇದು ಯೂನಿಕ್ಸ್‌ಗಿಂತ ಒಳ್ಳೆಯದು. ಲಿನಕ್ಸ್‌ನಿಂದ ಬಂದವರು ಬೀಳುವುದು "ಸಲಹೆ ತಾನೇ, ಆಗದಿದ್ದರೆ ಬೇರೆ ಕಡೆ ಕೊಡುತ್ತದೆ" ಎಂಬ ನಂಬಿಕೆಯಿಂದ. ಇಲ್ಲಿ ಬೇರೆ ಕಡೆ ಬೇಕಿದ್ದರೆ ಸೊನ್ನೆ ಕೊಟ್ಟು ಇನ್ನೊಮ್ಮೆ ನೀವೇ ಕೇಳಬೇಕು.

487 ಸಂಖ್ಯೆಯನ್ನು ಪೋಸ್ಟ್‌ಗ್ರೆಸ್ ಡೇಟಾಬೇಸ್ ನಡೆಸುವವರು ಚೆನ್ನಾಗಿ ಬಲ್ಲರು. ಯೂನಿಕ್ಸ್‌ನಲ್ಲಿ ಪೋಸ್ಟ್‌ಗ್ರೆಸ್ ಫೋರ್ಕ್ ಮಾಡಿ, ಅಂದ್ರೆ ತನ್ನದೇ ನಕಲು ತೆಗೆದು, ಹೊಸ ಪ್ರೊಸೆಸ್ ಹುಟ್ಟಿಸುತ್ತದೆ, ಹಂಚಿಕೊಂಡ ಮೆಮೊರಿ ಅದೇ ವಿಳಾಸದಲ್ಲಿ ತಾನಾಗಿ ಬರುತ್ತದೆ. ವಿಂಡೋಸ್‌ನಲ್ಲಿ ಫೋರ್ಕ್ ಇಲ್ಲ. ಹೊಸ ಪ್ರೊಸೆಸ್ ಮೊದಲಿಂದ ಶುರುವಾಗಿ, ಆ ಮೆಮೊರಿಯನ್ನು ತಾಯಿ ಪ್ರೊಸೆಸ್ಸಿನ ವಿಳಾಸದಲ್ಲೇ ಜೋಡಿಸಿಕೊಳ್ಳಬೇಕು. ಅಷ್ಟರಲ್ಲಿ ಯಾವುದೋ ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲು) ಬಂದು ಅಲ್ಲಿ ಕೂತಿದ್ದರೆ 487. ಅವರು ಕಂಡುಕೊಂಡ ದಾರಿ ಜಾಣತನದ್ದು. ಹೊಸ ಪ್ರೊಸೆಸ್ಸನ್ನು ನಿಲ್ಲಿಸಿದ ಸ್ಥಿತಿಯಲ್ಲೇ ಹುಟ್ಟಿಸಿ, ಉಳಿದವರು ಬರುವ ಮೊದಲೇ ತಾಯಿ ಪ್ರೊಸೆಸ್ ಅದರೊಳಗೆ ಆ ಜಾಗವನ್ನು ಕಾಯ್ದಿರಿಸಿಬಿಡುತ್ತದೆ.

ಜಾಗ ಬಿಡುವಾಗಲೂ ವ್ಯತ್ಯಾಸ ಉಂಟು. ಯೂನಿಕ್ಸ್‌ನಲ್ಲಿ ದೊಡ್ಡದಾಗಿ ಕೇಳಿ, ಎರಡು ತುದಿ ಕತ್ತರಿಸಿ ವಾಪಸು ಕೊಟ್ಟು, ನಡುವಿನದ್ದನ್ನು ಇಟ್ಟುಕೊಳ್ಳಬಹುದು. ವರ್ಚುವಲ್‌ಫ್ರೀ ಹಾಗೆ ಬಿಡುವುದಿಲ್ಲ. ಕಾಯ್ದಿರಿಸಿದ್ದನ್ನು ಶುರುವಿನ ವಿಳಾಸ ಕೊಟ್ಟು ಪೂರ್ತಿ ಬಿಡಬೇಕು. ಮೊದಲೆಲ್ಲ ಕೇಳಿ, ವಿಳಾಸ ನೋಡಿಕೊಂಡು, ಬಿಟ್ಟು, ಮತ್ತೆ ಬೇಕಾದಲ್ಲಿ ಕೇಳುತ್ತಿದ್ದರು. ಬಿಟ್ಟು ಕೇಳುವ ನಡುವೆ ಇನ್ನೊಂದು ಥ್ರೆಡ್ ನುಗ್ಗಿದರೆ ಹೋಯಿತು. 2018ರ ವಿಂಡೋಸ್ 10ರ 1803 ಆವೃತ್ತಿಯಿಂದ ವರ್ಚುವಲ್‌ಅಲಾಕ್2 ಮತ್ತು ಪ್ಲೇಸ್‌ಹೋಲ್ಡರ್ ಬಂದಿವೆ. ಪ್ಲೇಸ್‌ಹೋಲ್ಡರ್ ಕಾಯ್ದಿರಿಸಿ, ಅದನ್ನು ಒಡೆದು, ತುಂಡಿನ ಜಾಗಕ್ಕೆ ಫೈಲನ್ನು ತರಬಹುದು. ನಡುವೆ ಯಾರೂ ನುಗ್ಗಲಾರರು. ಇಂಥ ವಿಳಾಸದಿಂದ ಇಂಥ ವಿಳಾಸದ ಒಳಗೆ ಎಲ್ಲಾದರೂ ಕೊಡು ಎಂದೂ ವರ್ಚುವಲ್‌ಅಲಾಕ್2ಗೆ ಹೇಳಬಹುದು. ಜಿಟ್‌ಗೆ ಹೇಳಿ ಮಾಡಿಸಿದ ಹಾಗಿದೆ.

ವಿಂಡೋಸ್ ಯಂತ್ರದಲ್ಲಿ ಲಿನಕ್ಸ್ ಓಡಿಸಲು ಡಬ್ಲ್ಯುಎಸ್‌ಎಲ್ 2 ಹಾಕಿಕೊಂಡವರು ಈ ಹೆಜ್ಜೆ ಬಿಟ್ಟು ಹೆಜ್ಜೆ 4ಕ್ಕೆ ಹೋಗಿ. ಅದರೊಳಗೆ ಓಡುವುದು ನಿಜವಾದ ಲಿನಕ್ಸ್ ಕರ್ನೆಲ್ಲೇ.

ಹೆಜ್ಜೆ 8: ಎಲ್ಲವನ್ನೂ ಒಂದು ಫಂಕ್ಷನ್ ಒಳಗೆ ಹಾಕಿ

ಓಎಸ್ ವ್ಯತ್ಯಾಸಗಳು ಪ್ರೋಗ್ರಾಂ ತುಂಬ ಹರಡಬಾರದು. "ಈ ವಿಳಾಸದಲ್ಲಿ ಇಷ್ಟು ಕೊಡು" ಎಂಬ ಒಂದೇ ಫಂಕ್ಷನ್ ಬರೆಯಿರಿ. ಅದು ಮೂರೇ ಉತ್ತರ ಕೊಡಲಿ: ಸಿಕ್ಕಿತು, ಜಾಗ ತುಂಬಿದೆ, ಬೇರೆ ತೊಂದರೆ.

ಒಳಗೆ ಲಿನಕ್ಸ್ ಆದರೆ ನೋರೀಪ್ಲೇಸ್, ಫ್ರೀಬಿಎಸ್‌ಡಿ ಆದರೆ ಫಿಕ್ಸ್ಡ್ ಜೊತೆ ಎಕ್ಸ್‌ಕ್ಲ್, ಮ್ಯಾಕ್ ಆದರೆ ಮಾಕ್ ಕರೆ, ವಿಂಡೋಸ್ ಆದರೆ ನೇರ ವಿಳಾಸ. ಗೊತ್ತಿಲ್ಲದ ಬೇರೆ ಯಾವುದೇ ಓಎಸ್ ಆದರೆ ಬರೀ ಸಲಹೆ. ಬಂದ ವಿಳಾಸವನ್ನು ಎಲ್ಲ ಕಡೆಯೂ ಹೋಲಿಸಿ. ಬೇರೆ ಬಂದಿದ್ದರೆ ಅದನ್ನು ಕೂಡಲೇ ಬಿಟ್ಟು "ತುಂಬಿದೆ" ಎಂದು ಹೇಳಿ. ಬಿಡದೆ ಸುಮ್ಮನಿದ್ದರೆ ಪ್ರತಿ ಪ್ರಯತ್ನಕ್ಕೂ ಒಂದು ತುಂಡು ಸೋರಿಹೋಗುತ್ತದೆ. ಸೋಲನ್ನು ಗುರುತಿಸುವಾಗಲೂ ಜಾಗ್ರತೆ. ಎಂಮ್ಯಾಪ್ ಸೋತರೆ ಸೊನ್ನೆ ಅಲ್ಲ, ಮೈನಸ್ ಒಂದು ಬರುತ್ತದೆ. ಸೊನ್ನೆಗೆ ಹೋಲಿಸಿದ ಕೋಡ್ ಸೋಲನ್ನೇ ಗೆಲುವು ಎಂದು ತಿಳಿದು ಮುಂದೆ ಹೋಗುತ್ತದೆ.

"ತುಂಬಿದೆ" ಎಂದಾಗ ಏನು ಮಾಡಬೇಕು? ಜಿಟ್ ಆದರೆ ಮುಂದಿನ ವಿಳಾಸ ಕೇಳಿ. ನಮ್ಮ ಪದಪಟ್ಟಿಯಂಥದ್ದು, ಅದರಲ್ಲೂ ಪಾಯಿಂಟರ್ ಬಿಡಲು ಮನಸ್ಸಿಲ್ಲದವರು ಆದರೆ, ಫೈಲಿನ ತಲೆಯಲ್ಲಿ ಅದು ಯಾವ ವಿಳಾಸಕ್ಕೆಂದು ಕಟ್ಟಿದ್ದು ಎಂದು ಬರೆದಿಡಿ. ಬೇರೆ ವಿಳಾಸ ಸಿಕ್ಕಿದರೆ ವ್ಯತ್ಯಾಸವನ್ನು ಪ್ರತಿ ಪಾಯಿಂಟರ್‌ಗೆ ಕೂಡಿಸಿ ಸರಿಪಡಿಸಿ. ಆಗ ಫೈಲನ್ನು ಪ್ರೈವೇಟ್ ಆಗಿ, ವಿಂಡೋಸ್‌ನಲ್ಲಾದರೆ ಕಾಪಿ ಬಗೆಯಲ್ಲಿ ಮ್ಯಾಪ್ ಮಾಡಿ. ಇಲ್ಲದಿದ್ದರೆ ನೀವು ತಿದ್ದಿದ್ದು ಡಿಸ್ಕಿನ ಫೈಲಿಗೇ ಹೋಗಿ ಕೂರುತ್ತದೆ.

ಹೆಜ್ಜೆ 9: ಬೇಕೆಂದೇ ಕೆಡಿಸಿ ನೋಡಿ

ಸುಮ್ನೆ ಓಡಿಸಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಪರೀಕ್ಷೆಗೆ ಮೊದಲು ಅದೇ ವಿಳಾಸದಲ್ಲಿ ಒಂದು ಪುಟ ನೀವೇ ಹಿಡಿಯಿರಿ. ಅದರಲ್ಲಿ ಗುರುತಿಗೆ ಏನಾದರೂ ಬರೆಯಿರಿ. ಆಮೇಲೆ ನಿಮ್ಮ ಫಂಕ್ಷನ್ ಕರೆಯಿರಿ. "ತುಂಬಿದೆ" ಎಂಬ ಉತ್ತರ ಬರಬೇಕು, ಬರೆದದ್ದು ಹಾಗೇ ಇರಬೇಕು. ಬರೆದದ್ದು ಅಳಿಸಿ ಸೊನ್ನೆ ಆಗಿದ್ದರೆ ಎಲ್ಲೋ ಬರೀ ಮ್ಯಾಪ್ ಫಿಕ್ಸ್ಡ್ ಉಳಿದುಕೊಂಡಿದೆ.

ಆಮೇಲೆ ಪ್ರೋಗ್ರಾಮನ್ನು ಹಲವು ಸಲ ಓಡಿಸಿ. ಈಗಿನ ಓಎಸ್‌ಗಳೆಲ್ಲ ಭದ್ರತೆಗಾಗಿ ಲೈಬ್ರರಿ, ಸ್ಟ್ಯಾಕ್‌ಗಳನ್ನು ಯಾವಾಗಲೂ ಒಂದೇ ಕಡೆ ಇಡದೆ ಬೇರೆ ಬೇರೆ ಕಡೆ ಇಡುತ್ತವೆ. ಲಿನಕ್ಸ್ 2005ರಿಂದ, ವಿಂಡೋಸ್ ವಿಸ್ತಾದಿಂದ ಹೀಗೆ. ಡೀಬಗ್ ಮಾಡುವಾಗ ಲಿನಕ್ಸ್‌ನ ಸೆಟ್‌ಆರ್ಚ್ ಆದೇಶದಿಂದ ಅದನ್ನು ಆ ಒಂದು ಓಟಕ್ಕೆ ನಿಲ್ಲಿಸಬಹುದು. ಆದರೆ ನಿಲ್ಲಿಸಿ ಪಡೆದ ಪಾಸ್ ಅಂಕಕ್ಕೆ ಬೆಲೆ ಇಲ್ಲ.

ಕೊನೆಗೆ ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಝರ್ ಹಾಕಿ ಒಮ್ಮೆ ಓಡಿಸಿ. ಎಕ್ಸ್86-64 ಲಿನಕ್ಸ್‌ನಲ್ಲಿ ಅದು ತನ್ನ ಲೆಕ್ಕಪತ್ರಕ್ಕೆ ಸುಮಾರು 2 ಜಿಬಿಯಿಂದ 16 ಟಿಬಿವರೆಗಿನ ವಿಳಾಸಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ 1 ಟಿಬಿ ಗುರುತು ಸರಿಯಾಗಿ ಅದರ ಹೊಟ್ಟೆಯೊಳಗೆ ಬರುತ್ತದೆ. ಹಾಗಾಗಿ ಅಲ್ಲಿ "ತುಂಬಿದೆ" ಎಂದೇ ಉತ್ತರ ಬರಬೇಕು. ಸಿಕ್ಕಿತು ಎಂದು ಬಂದರೆ ನಿಮ್ಮ ಫಂಕ್ಷನ್ ಸ್ಯಾನಿಟೈಝರ್‌ನ ಜಾಗವನ್ನೇ ಕಿತ್ತುಕೊಂಡಿದೆ ಎಂದು ಅರ್ಥ. ಉಳಿದ ಪ್ರೋಗ್ರಾಮನ್ನೂ ಸ್ಯಾನಿಟೈಝರ್ ಅಡಿಯಲ್ಲಿ ಪರೀಕ್ಷಿಸಬೇಕಲ್ವಾ? ಅದಕ್ಕೆ ವಿಳಾಸವನ್ನು ಕೋಡಿನಲ್ಲಿ ಬರೆಯದೆ ಸೆಟ್ಟಿಂಗ್ ಆಗಿ ಹೊರಗಿಡಿ, ಆ ಓಟಕ್ಕೆ ಮಾತ್ರ 32 ಟಿಬಿ ಗುರುತನ್ನು, ಅಂದ್ರೆ 35184372088832 ಕೊಡಿ.